ಬಾಗಿಲ ಪ್ರಶ್ನೆ

ಮತ್ತೆ ಬೇವಿನ ಹಿಂಡಿಯ ವಾಸನೆ, ಕೆಳಗಿನ ಗೊಬ್ಬರದಂಗಡಿಯವನು ಭಾನುವಾರವೂ ಷಟರ್ ಅರ್ಧ ಎತ್ತಿಟ್ಟಿದ್ದಾನೆ, ಮೆಟ್ಟಿಲು ಹತ್ತಿ ಬಂದ ವಾಸನೆ ಫ್ಯಾನಿನ ಗಾಳಿಗೆ ಸಿಕ್ಕಿ ಎಲ್ಲರ ಮೂಗಿಗೂ ಸಮನಾಗಿ ಹಂಚಿಕೆಯಾಗುತ್ತಿದೆ — ಭೂಪತಿ ಹೆಗಲ ಟವೆಲಿನ ತುದಿಯಿಂದ ಮೂಗು ಒರೆಸಿಕೊಂಡ, ಒರೆಸಿಕೊಂಡದ್ದು ಮೂಗಲ್ಲ, ಮುಖ, ಮುಖವನ್ನು ಸ್ವಲ್ಪ ಹೊತ್ತು ಬಟ್ಟೆಯೊಳಗೆ ಇಟ್ಟುಕೊಳ್ಳಲು ಒಂದು ನೆವ ಬೇಕಿತ್ತು, ಯಾಕೆಂದರೆ ಮೂರನೇ ಸಾಲಿನ ಕೊನೆಯ ಕುರ್ಚಿಯಲ್ಲಿ ಮಲ್ಲಿಗಾ ಕೂತಿದ್ದಾಳೆ. ಎಂಟು ತಿಂಗಳಾದ ಮೇಲೆ ಬಂದಿದ್ದಾಳೆ. ಕುತ್ತಿಗೆಯಲ್ಲಿ ಅರಿಶಿನದ ದಾರ, ತಲೆಯಲ್ಲಿ ಒಂದು ಮೊಳ ಹೂವು, ಮೊದಲು ಮುಡಿಯುತ್ತಿರಲಿಲ್ಲ, ಓದುವಾಗ ತಲೆ ಭಾರ ಸಾರ್ ಎನ್ನುತ್ತಿದ್ದಳು, ಈಗ ಭಾರವಾಗುವುದಿಲ್ಲವೇನೋ, ಅಥವಾ ಓದುವುದೇ ಇಲ್ಲವೇನೋ, ಕೇಳುವ ಮುಖ ಅವನಿಗೆಲ್ಲಿದೆ. ಮೆಟ್ಟಿಲ ಬಳಿ ಎದುರಾದಾಗ, ಸವುಕ್ಯವಾ ಸಾರ್, ಎಂದಳು, ಕೈಯನ್ನೂ ಮುಗಿದಳು, ಆಮ್ಯಾಕೆ ಮಾತಾಡ್ತೀನಿ ಸಾರ್, ಎಲ್ಲಾರ ಮುಂದೆ ಒಂದ್ ಮಾತ್ ಹೇಳ್ಬೇಕು ಅಂತಾನೇ ಬಂದೆ. ಎಲ್ಲರ ಮುಂದೆ. ಏನು ಹೇಳುತ್ತಾಳೆಂದು ಅವನಿಗೆ ಗೊತ್ತು, ಎಂಟು ತಿಂಗಳಿಂದ ಅವಳ ಬಾಯಲ್ಲಿ ಅದನ್ನು ಅವನೇ ಹೇಳಿಸುತ್ತಿದ್ದಾನೆ, ಹಲ್ಲುಜ್ಜುವಾಗ, ತೆಂಗಿನ ಬುಡಕ್ಕೆ ನೀರು ಬಿಡುವಾಗ, ಹೆಂಡತಿ ಕಮಲಾತಾಳ್ ಯಾವ ಹಬ್ಬಕ್ಕೆ ಯಾವ ಸೀರೆ ಎಂದು ಕೇಳುತ್ತಿರುವಾಗ. ಅವಳ ಗಂಡನಂತೆ, ಕೆಳಗೆ ಚಹಾದಂಗಡಿಯಲ್ಲಿ ಬೈಕಿನ ಮೇಲೆ ಕೂತು ಕಾಯುತ್ತಿರುವವನು, ಧಾರಾಪುರದ ಕಡೆಯ ಹುಡುಗ, ಅವನನ್ನೂ ನೋಡಿದ್ದಾಯಿತು, ಸಾಧು ಮುಖ. ಸಾಧು ಮುಖವಾದರೆ ನಿನಗೇನು ಭೂಪತಿ, ನಿನ್ನ ಲೆಕ್ಕ ಅದರಿಂದ ಹಗುರಾಗುವುದೇ.

ಎದ್ದು ಹೋಗಿಬಿಡಬಹುದು, ಬಿ.ಪಿ. ಎಂದರೆ ಯಾರೂ ತಡೆಯುವುದಿಲ್ಲ, ಆದರೆ ಅದೂ ಸುಳ್ಳಲ್ಲವೇ, ಮತ್ತು ಬಳಗದ ಸಭೆಯಿಂದ ನಡುವೆ ಎದ್ದು ಹೋಗಬಾರದು ಎಂಬ ನಿಯಮ ಮಾಡಿದವನು ಅವನೇ. ನಿಯಮಗಳೆಲ್ಲ ಅವನವೇ. ಹನ್ನೊಂದು ವರ್ಷದ ಹಿಂದೆ ಕಿಣತ್ತುಕಡವಿನ ಈ ಮಾಳಿಗೆಗೆ ಕಾಂಟ್ ಓದುಗರ ಬಳಗ ಅಂತ ತಮಿಳಿನಲ್ಲಿ ಬೋರ್ಡು ಹಾಕಿಸಿದಾಗ ಗೊಬ್ಬರದಂಗಡಿಯವನು ತಲೆ ಕೆರೆದುಕೊಂಡು ಕೇಳಿದ್ದ, ಇದು ಯಾವ ಕಟ್ಸಿ ಸಾರ್, ಯಾವ ಪಾರ್ಟಿ, ಎಲೆಕ್ಷನ್‌ಗೆ ನಿಲ್ತಾರಾ? ನಿಲ್ಲುವುದಿಲ್ಲ, ಸತ್ತು ಇನ್ನೂರು ವರ್ಷವಾಯಿತು, ಜರ್ಮನ್ ತತ್ವಜ್ಞಾನಿ, ಹುಟ್ಟಿದ ಊರಿನಿಂದ ಹೆಚ್ಚು ದೂರ ಹೋಗದೆ ಇಡೀ ಲೋಕಕ್ಕೆ ನೀತಿ ಹೇಳಿದವರು — ಭೂಪತಿಗೆ ಅದು ಬಹಳ ಹಿಡಿಸಿತ್ತು, ಪೊಳ್ಳಾಚಿಯ ಕಾಲೇಜಿನಲ್ಲಿ ಮೂವತ್ತೆರಡು ವರ್ಷ ಇಂಗ್ಲಿಷ್ ಪಾಠ ಹೇಳಿ ಮದರಾಸಿಗೂ ನೆಟ್ಟಗೆ ಹೋಗದ ಅವನಿಗೆ ಅದೊಂದು ಸಮಾಧಾನ. ಬಳಗದಲ್ಲಿ ಯಾರೂ ಕಾಂಟ್ ಎನ್ನುವುದಿಲ್ಲ, ತಾತ ಎನ್ನುತ್ತಾರೆ. ತಾತ ದಿನವೂ ಗಡಿಯಾರ ನೋಡಿಕೊಂಡು ನಡೆಯಲು ಹೋಗುತ್ತಿದ್ದರಂತೆ, ಅದಕ್ಕೆ ಇವರೂ ಸರಿಯಾಗಿ ಮೂರೂವರೆಗೆ ಮೆಟ್ಟಿಲಿಳಿದು, ಫ್ಲೈಓವರ್ ಕೆಳಗೆ ನುಸುಳಿ, ಪೊನ್ಮಲೆಯ ಬುಡದವರೆಗೆ ಇಪ್ಪತ್ತು ಜನ ಸಾಲಾಗಿ ನಡೆದು ಬರುತ್ತಾರೆ, ಸೀಬೆಹಣ್ಣಿನ ಗಾಡಿಯವಳು, ಏನು ಟೀಚರ್, ಇವತ್ತು ಯಾರ ಮೇಲೆ ಧರಣಿ ಎಂದು ಪಂಕಜಂ ಟೀಚರನ್ನು ಕೆಣಕುತ್ತಾಳೆ. ಆಮೇಲೆ ಒಂದು ಪ್ಯಾರಾ. ತಿಂಗಳಿಗೆ ಒಂದೇ. ಒಬ್ಬರು ಓದಬೇಕು, ಇನ್ನೊಬ್ಬರು ಪುಸ್ತಕ ಮುಚ್ಚಿ ಅದನ್ನು ತಮ್ಮ ಮನೆಮಾತಿನಲ್ಲಿ ಹೇಳಬೇಕು — ಹೆಚ್ಚಿನವರಿಗೆ ತಮಿಳು, ಹಾವೇರಿಯಿಂದ ಬಂದು ಕೊಯಮತ್ತೂರಿನ ಪಂಪ್ ಕಂಪನಿಯಲ್ಲಿ ಇಂಜಿನಿಯರಾಗಿರುವ ಇರ್ಫಾನಿಗೆ ಪುಸ್ತಕದ ಕನ್ನಡ, ಭೂಪತಿಗೂ ಮಲ್ಲಿಗಾಗೂ ಅಡುಗೆಮನೆಯ ಕನ್ನಡ, ತಲೆಮಾರುಗಳಿಂದ ಆಡುತ್ತ ಬಂದದ್ದು, ಓದಲು ಬಾರದ್ದು. ಕರ್ತವ್ಯ ಅಂದರೇನು ಎಂಬ ಪ್ಯಾರಾ ಬಂದಾಗ ಮಲ್ಲಿಗಾ ಎದ್ದು ನಿಂತು, ಯಾರೂ ನೋಡ್ದಿದ್ರೂ ಮನೆ ಮುಂದೆ ಗುಡ್ಸೋದು ಸಾರ್, ನೋಡ್ತಾರೇಂತ ಗುಡ್ಸಿದ್ರೆ ಅದು ಬೇರೆ, ಎಂದಿದ್ದಳು. ಸಭೆ ನಕ್ಕಿತು. ಅಂಥ ಒಂದು ವಾಕ್ಯ ಮೂವತ್ತೆರಡು ವರ್ಷದಲ್ಲಿ ಅವನ ಬಾಯಿಂದ ಬಂದಿರಲಿಲ್ಲ, ಮನೆಗೆ ಹೋಗಿ ಕಮಲಾತಾಳ್‌ಗೂ ಹೇಳಿದ್ದ, ನಮ್ಮ ಜನರ ಹುಡುಗಿ ಕಣೇ, ವೆಳ್ಳಕೋಯಿಲ್ ಕಡೆಯವಳು, ಬುದ್ಧಿ ಅಂದರೆ ಬುದ್ಧಿ.

ನಮ್ಮ ಜನ. ಪಂಕಜಂ ಟೀಚರ್ ಮೇಜಿನ ಮೇಲೆ ಎರಡು ಸ್ಟೀಲ್ ಲೋಟ ಇಡುತ್ತಿದ್ದಾರೆ, ಹೆಡ್‌ಮಿಸ್ಟ್ರೆಸ್ ಆಗಿದ್ದವರು, ಇಡುವಾಗಲೂ ಪರೀಕ್ಷೆ ಶುರುವಾದ ಹಾಗೆ ಠಣ್ ಎನಿಸುತ್ತಾರೆ. ಇವತ್ತು ತಾತನ ಹುಟ್ಟುಹಬ್ಬದ ಸಭೆ, ಪ್ರತಿ ಏಪ್ರಿಲಿಗೂ ಇದೇ, ಬಾಗಿಲ ಪ್ರಶ್ನೆ. ನಿನ್ನ ಸ್ನೇಹಿತ ಓಡಿಬಂದು ನಿನ್ನ ಮನೆಯಲ್ಲಿ ಅಡಗಿದ್ದಾನೆ, ಕೊಲ್ಲಬೇಕೆಂದಿರುವವನು ಬಾಗಿಲಿಗೆ ಬಂದು, ಅವನು ಇದ್ದಾನಾ ಎಂದು ಕೇಳುತ್ತಾನೆ, ಸುಳ್ಳು ಹೇಳಬಹುದೋ? ಕೂಡದು ಎಂದವರು ತಾತ. ಆಗಲೂ ಕೂಡದು. ಒಬ್ಬೊಬ್ಬರಿಗೂ ಒಂದು ಹುಣಸೆ ಬೀಜ, ಹೇಳಬಹುದು ಎನ್ನುವವರು ಎಡಗಡೆಯ ಲೋಟಕ್ಕೆ, ಕೂಡದು ಎನ್ನುವವರು ಬಲಗಡೆಯದಕ್ಕೆ. ಹನ್ನೊಂದು ವರ್ಷವೂ ಎಡಗಡೆಯ ಲೋಟ ತುಂಬುತ್ತಿತ್ತು, ಬಲಗಡೆ ಒಂದೇ ಒಂದು ಬೀಜ, ಟಿಣ್, ಅದು ಭೂಪತಿಯದು ಎಂದು ಎಲ್ಲರಿಗೂ ಗೊತ್ತು. ನಗುತ್ತಿದ್ದರು, ಸಾರ್ ಮನೆಯಲ್ಲಿ ಅಡಗಿದರೆ ನಮ್ಮ ಕತೆ ಮುಗಿಯಿತು ಎನ್ನುತ್ತಿದ್ದರು, ಅವನೂ ನಗುತ್ತಿದ್ದ, ಒಳಗೊಳಗೇ ಉಬ್ಬುತ್ತಿದ್ದ — ಒಂಟಿ ಬೀಜದ ಸದ್ದು ಎಷ್ಟು ಚೆನ್ನಾಗಿತ್ತು, ನಾಚಿಕೆಯಾಗಬೇಕು, ಅದನ್ನು ಕೇಳುವುದಕ್ಕೇ ವರ್ಷವೆಲ್ಲ ಕಾಯುತ್ತಿದ್ದವನು ನೀನು. ಬಾಗಿಲಿಗೆ ಬರುವವನು ಕತ್ತಿ ಹಿಡಿದು ಬರುತ್ತಾನೆ ಎಂದುಕೊಂಡಿದ್ದ. ಚಪ್ಪಲಿ ಬಿಟ್ಟು ಬರುತ್ತಾನೆ, ನೀರು ಕೇಳುತ್ತಾನೆ ಎಂದು ಯಾರು ಹೇಳಿದ್ದರು.

ಕಳೆದ ಆಡಿ ತಿಂಗಳ ಕೊನೆ, ಆಗಸ್ಟಿನ ನಡುವೆ, ಪಾಲಕ್ಕಾಡಿನ ಕಡೆಯಿಂದ ಬೀಸುವ ಆ ಗಾಳಿ, ತೆಂಗಿನ ಗರಿಗಳೆಲ್ಲ ಒಂದೇ ಕಡೆಗೆ ತಲೆ ಬಾಚಿಕೊಂಡು ನಿಂತಿದ್ದವು, ಮಧ್ಯಾಹ್ನ ಹನ್ನೆರಡು. ಕಮಲಾತಾಳ್ ತಂಗಿಯ ಮನೆಗೆಂದು ಸೂಲೂರಿಗೆ ಹೋಗಿದ್ದಳು. ಮಲ್ಲಿಗಾ ಬಸ್ಸಿಳಿದು ಬಂದಳು, ಕಾಲೇಜಿನ ಬ್ಯಾಗು, ಅದರೊಳಗೆ ಎರಡು ಜೊತೆ ಬಟ್ಟೆ, ಸರ್ಟಿಫಿಕೇಟುಗಳು. ನೆಗಮದ ನೇಕಾರರ ಮನೆಯ ಹುಡುಗ, ಅವಳ ಕ್ಲಾಸಿನವನೇ, ಬೇರೆ ಜಾತಿ, ನಾಲ್ಕು ಗಂಟೆಗೆ ಗಾಡಿ ತರುತ್ತಾನೆ, ಸೋಮವಾರ ರಿಜಿಸ್ಟರ್ ಆಫೀಸು, ಅಲ್ಲೀವರೆಗೆ ಅವನ ಅಕ್ಕನ ಮನೆ. ನಾಕ್ ಗಂಟೆವರ್ಗೂ ಇರ್ಲಾ ಸಾರ್? ಅವನು ಬೇಡ ಎನ್ನಲಿಲ್ಲ, ಮಗೂ, ಯಾರಾದರೂ ಬಂದು ಕೇಳಿದರೆ ನಾನು ಸುಳ್ಳು — ಅವಳು ಪೂರ್ತಿ ಹೇಳಲು ಬಿಡಲಿಲ್ಲ, ನಕ್ಕಳು, ಆ ಹೊತ್ತಿನಲ್ಲೂ ನಕ್ಕಳು. ನಂಗೊತ್ತು ಸಾರ್, ನೀವು ಸುಳ್ಳು ಹೇಳ್ಬ್ಯಾಡಿ. ಯಾರಾರ ಬಂದ್ರೆ ಸುಮ್ನೆ ಇದ್ಬುಡಿ, ಅಷ್ಟ್ ಪೋದುಂ, ಅಷ್ಟೇ ಸಾಕು. ಸುಮ್ನಿರೋದು ಸುಳ್ಳಲ್ಲ ಅಲ್ವಾ, ತಾತ ಒಪ್ಪೋರು. ಒಪ್ಪುತ್ತಿದ್ದರು. ಆಡಿದ ಮಾತು ನಿಜವಾಗಿರಬೇಕು ಎಂದರೇ ಹೊರತು ಎಲ್ಲವನ್ನೂ ಎಲ್ಲರಿಗೂ ಆಡಲೇಬೇಕು ಎಂದು ಅವರು ಹೇಳಲಿಲ್ಲ. ಹನ್ನೊಂದು ವರ್ಷ ಲೋಟದ ಮುಂದೆ ಕೂತು ತಲೆ ಕೆಡಿಸಿಕೊಂಡದ್ದಕ್ಕೆ ಈ ಹುಡುಗಿ ಬ್ಯಾಗು ಕೆಳಗಿಡುವಷ್ಟರಲ್ಲಿ ಉತ್ತರ ಹೇಳಿಬಿಟ್ಟಳಲ್ಲ ಎಂದು ಅವನಿಗೆ ಹೆಮ್ಮೆಯಾಯಿತು, ಮೇಷ್ಟರ ಹೆಮ್ಮೆ, ಮಾತು ಕೊಟ್ಟ, ಬಾಯಿ ಬಿಡಲ್ಲ ಹೋಗು ಮಗೂ. ಹಿಂದುಗಡೆ ಸಾಲಾಗಿ ಮೂರು ಕೋಣೆ, ಕೊನೆಯದರಲ್ಲಿ ತೆಂಗಿನಕಾಯಿ ರಾಶಿ, ಅಲ್ಲಿ ಹೋಗಿ ಕೂತಳು. ಅವನು ಜಗುಲಿಯ ಒರಗು ಕುರ್ಚಿಯಲ್ಲಿ ಪುಸ್ತಕ ಹಿಡಿದು ಕೂತ, ಮುಂದಿನ ತಿಂಗಳ ಪ್ಯಾರಾ. ಗಾಡಿಯ ಸದ್ದು ಕೇಳಿದಾಗ ಓದುತ್ತಿದ್ದ ಕಡೆ ತೋರುಬೆರಳು ಇಟ್ಟು ಪುಸ್ತಕ ಮುಚ್ಚಿದ. ಬೆರಳು ಒಳಗೆ, ಪುಸ್ತಕ ಹೊರಗೆ. ಬೇಡ, ಅದು ಬೇಡ, ಕುಪ್ಪಸಾಮಿಯ ಮಾತು ನೆನೆಸಿಕೋ.

ಕುಪ್ಪಸಾಮಿ, ಅವಳ ಚಿಕ್ಕಪ್ಪ, ಬಿಳಿ ಶರಟು, ಬಿಳಿ ಪಂಚೆ, ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟ, ಅವನ ಜೊತೆಗೆ ಬಂದ ಇಬ್ಬರು ಗೇಟಿನ ಹತ್ತಿರವೇ ನಿಂತರು, ಒಬ್ಬ ಬೇವಿನ ಕಡ್ಡಿ ಮುರಿದು ಹಲ್ಲಿಗೆ ಕೊಟ್ಟುಕೊಂಡ, ಅಷ್ಟೇ, ಕತ್ತಿಯಿಲ್ಲ ಕೊಡಲಿಯಿಲ್ಲ. ತಮಿಳಿನಲ್ಲಿ ಮಾತಾಡಿದ್ದರೆ ಏನಾಗುತ್ತಿತ್ತೋ, ಹೊರಗೆ ಎಲ್ಲರೂ ತಮಿಳಿನಲ್ಲೇ ಸಾರ್ ಎನ್ನುತ್ತಾರೆ, ಸಾರ್ ಎಂದವರ ಮುಂದೆ ಅವನಿಗೆ ಬೆನ್ನು ನೆಟ್ಟಗಿರುತ್ತದೆ. ಇವನು ಮನೆಮಾತಿನಲ್ಲಿ ಶುರುಮಾಡಿದ. ಏನ್ ಮಾವಾ, ಸವುಕ್ಯವಾ, ಒಂದ್ ಚೆಂಬು ನೀರ್ ಕೊಡ್ತೀರಾ, ಬಿಸ್ಲು ತಾಳಾಕಾಗಲ್ಲ. ಮಾವಾ! ಯಾವ ಲೆಕ್ಕದಲ್ಲಿ ಮಾವ, ಕಮಲಾತಾಳ್ ಕಡೆಯಿಂದ ಹಿಡಿದರೆ ಸಿಕ್ಕೀತೇನೋ ಒಂದು ಎಳೆ, ಆದರೆ ಆ ಒಂದು ಪದಕ್ಕೆ ಅವನು ಪುಸ್ತಕದೊಳಗಿನ ಬೆರಳು ತೆಗೆಯದೆಯೇ ಎದ್ದು ಹೋಗಿ ಚೆಂಬು ತಂದುಕೊಟ್ಟು ಕೂತ, ಅವ್ವ ಮೊಸರನ್ನ ಕಲಸಿ ಕೈಗೆ ಹಾಕುತ್ತಿದ್ದ ಮಾತು ಅದು, ಆ ಮಾತಿನಲ್ಲಿ ಯಾರಿಗೂ ಎದುರು ನಿಂತು ಅವನಿಗೆ ಅಭ್ಯಾಸವೇ ಇಲ್ಲ. ನೀರು ಕುಡಿದು ಕುಪ್ಪಸಾಮಿ ಬಾಯಿ ಒರೆಸಿಕೊಂಡ. ನಮ್ ಹುಡ್ಗಿ ಬಂದವ್ಳೆ, ಬಸ್ಸಿಳ್ದು ಬಂದದ್ ನೋಡ್ದೋರವ್ರೆ. ನಾನ್ ನಿಮ್ಮನ್ ಕೇಳಾಕ್ ಬರ್ಲಿಲ್ಲ ಮಾವಾ, ನೀವು ದೊಡ್ಡೋರು, ನಿಮ್ ಬಾಯಲ್ಲಿ ಸುಳ್ಳು ಬರಲ್ಲಾಂತ ಊರಿಗೇ ಗೊತ್ತು. ನಾಳೆ ನಮ್ ಮಕ್ಳು ಮದುವೇಲಿ ನಮ್ ಜನದ್ ಮುಂದೆ ನೀವೂ ಕೂರ್ಬೇಕು, ನಾವೂ ಕೂರ್ಬೇಕು. ಒಳಗೆ ಒಂದು ತೆಂಗಿನಕಾಯಿ ಉರುಳಿದ ಸದ್ದು, ಸಣ್ಣ ಸದ್ದು, ಇಲಿಯೂ ಆಗಿರಬಹುದು, ಇಲಿ ಎಂದು ಹೇಳಬಹುದಿತ್ತು, ಹೇಳಲಿಲ್ಲ, ಸುಮ್ಮನಿದ್ದ. ಸುಮ್ಮನಿದ್ದೆ! ಅಲ್ಲಿಗೆ ಮುಗಿಸು, ಅಲ್ಲಿಯವರೆಗೂ ನೀನು ಮನುಷ್ಯನೇ. ಆಮೇಲಿನದು ಬೇಡ. ಆಮೇಲೆ ಅವಳು ಕೂಗಲಿಲ್ಲ, ಅದೊಂದು ನೆನಪಿದೆ, ಅವರ ನಡುವೆ ನಡೆದು ಗಾಡಿ ಹತ್ತುವಾಗ ದುಪಟ್ಟಾಗೆ ತೆಂಗಿನ ನಾರು ಅಂಟಿಕೊಂಡಿತ್ತು, ಅದನ್ನು ಬಿಡಿಸಿಕೊಳ್ಳುತ್ತಿದ್ದಳು. ಗಾಡಿ ಹೋಯಿತು. ಅವನಿಗೆ ಹಸಿವಾಯಿತು. ಇದನ್ನು ಯಾರಿಗೂ ಹೇಳಲಾಗುವುದಿಲ್ಲ — ಕಮಲಾತಾಳ್ ಮಾಡಿಟ್ಟುಹೋದ ರಸಕ್ಕೆ ಎರಡನೇ ಸಲ ಅನ್ನ ಹಾಕಿಕೊಂಡು ಉಂಡ, ರುಚಿಯಾಗಿತ್ತು. ನಾಲ್ಕು ಗಂಟೆಗೆ ಆ ಹುಡುಗ ಬಂದು ಗೇಟು ಬಡಿದಾಗ ಕೈ ತೊಳೆದು ಒಂದೂವರೆ ಗಂಟೆಯಾಗಿತ್ತು, ಆದರೂ ಬೆರಳಿನಲ್ಲಿ ರಸದ ವಾಸನೆ.

ಬೆರಳು. ಪುಸ್ತಕವನ್ನು ಆಮೇಲೆ ಎಷ್ಟು ಸಲ ತೆರೆದ, ಓದುತ್ತಿದ್ದ ಪುಟ ಯಾವುದೆಂದು ಇವತ್ತಿಗೂ ಸಿಕ್ಕಿಲ್ಲ. ಸುಳ್ಳು ಹುಟ್ಟಿದ್ದು ಅದೇ ಸಂಜೆ, ಹುಟ್ಟಿಸಿದವರು ಪಂಕಜಂ ಟೀಚರ್, ಅಲ್ಲ, ಅವರ ಮೇಲೆ ಯಾಕೆ ಹಾಕುತ್ತೀಯ, ಅವರು ಫೋನಿನಲ್ಲಿ ಕೇಳಿದರು ಅಷ್ಟೇ, ಸಾರ್, ಬಾಗಿಲಿಗೇ ಬಂದು ಕೇಳಿದರಂತೆ, ನೀವು ಇದ್ದಾಳೆ ಅಂತ ನಿಜ ಹೇಳಿಬಿಟ್ಟಿರಾ, ಅಯ್ಯೋ ಸಾರ್, ನಿಮ್ಮಿಂದ ಸುಳ್ಳು ಹೇಳೋಕಾಗಲ್ಲ ಅಲ್ಲವಾ — ಅವನು, ಹೂಂ, ಎಂದ. ಅಷ್ಟೇ. ಒಂದು ಹೂಂ. ಹೂಂ ಎನ್ನಲು ನಾಲಗೆ ಕೂಡ ಬೇಕಿಲ್ಲ. ಆ ಹೂಂಕಾರ ಒಂದು ವಾರದಲ್ಲಿ ಬೆಳೆದು ನಿಂತಿತು, ಪರಿಚಯದ ಹುಡುಗಿಗಾಗಿಯೂ ಸತ್ಯ ಬಿಡದ ಮನುಷ್ಯ, ಕೆಲವರು ಬೈದರು, ಕಟುಕ ಎಂದರು, ಬೈಗುಳವೂ ಒಂದು ಬಗೆಯ ಗೌರವವಾಗಿತ್ತು, ನಾಚಿಕೆಗೇಡಿ, ಅದನ್ನೂ ಮೈಗೆ ಬಳಿದುಕೊಂಡೆ. ಒಳ್ಳೆ ಕಡೆಯೇ ಕೊಟ್ಟಿದ್ದಾರಂತೆ ಬಿಡಿ ಸಾರ್ ಎಂದರು, ಮರುತಿಂಗಳು, ಆವಣಿಯ ಮೊದಲ ಮುಹೂರ್ತದಲ್ಲೇ ಮದುವೆ, ನೆಗಮದ ಹುಡುಗ ತಿರುಪ್ಪೂರಿನ ಬನಿಯನ್ ಕಂಪನಿಗೆ ಸೇರಿದ ಎಂದರು. ಇರ್ಫಾನ್ ಒಬ್ಬ ಮಾತ್ರ ನಡಿಗೆಯಲ್ಲಿ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದ್ದ, ಸಾರ್, ತಪ್ಪು ತಿಳ್ಕೋಬೇಡಿ, ನೀವು ಮಾತೇ ಆಡದೆ ಇರಬಹುದಿತ್ತಲ್ಲ? ತಾತ ಅದನ್ನ ತಪ್ಪು ಅಂತಿರಲಿಲ್ಲ. ಭೂಪತಿ ಬೂಟಿನೊಳಗೆ ಕಲ್ಲು ಸಿಕ್ಕಿದವನಂತೆ ಬಗ್ಗಿ ಬೂಟು ಬಿಚ್ಚಿದ, ಕಲ್ಲಿರಲಿಲ್ಲ, ತಲೆ ಎತ್ತುವಷ್ಟರಲ್ಲಿ ಇರ್ಫಾನ್ ಮುಂದೆ ಹೋಗಿದ್ದ.

ಟಿಣ್. ಬೀಜಗಳು ಬೀಳುತ್ತಿವೆ. ಅವನ ಸರದಿ ಬಂತು, ಎದ್ದ, ಬಲಗಡೆಯ ಲೋಟಕ್ಕೆ ಹಾಕುವ ಧೈರ್ಯವಿಲ್ಲ, ಎಡಗಡೆಗೆ ಹಾಕಿದರೆ ಇಷ್ಟು ದಿನದ ಹೂಂ ಬಯಲಾಗುತ್ತದೆ, ಕೈ ಬಲಗಡೆಗೇ ಹೋಯಿತು, ಅಭ್ಯಾಸ, ಆದರೆ ಒಂಟಿ ಟಿಣ್ ಕೇಳಿಸಲಿಲ್ಲ, ಬೀಜದ ಮೇಲೆ ಬೀಜ ಬಿದ್ದ ಮೊದ್ದು ಸದ್ದು. ಪಂಕಜಂ ಟೀಚರ್ ಲೋಟ ಬೋರಲು ಹಾಕಿದರು, ಬಲಗಡೆಯದರಲ್ಲಿ ಏಳು. ಏಳು! ಟೀಚರ ಕಣ್ಣಲ್ಲಿ ನೀರು, ಹನ್ನೊಂದು ವರ್ಷ ಸಾರ್ ಒಬ್ಬರೇ ಇದ್ದರು, ಈ ವರ್ಷ ಏಳು ಜನ, ಯಾಕೆ ಅಂತ ನಾನು ಹೇಳಬೇಕಿಲ್ಲ, ಬಾಗಿಲು ಬಡಿದಾಗ ಎಷ್ಟು ಕಷ್ಟವಾದರೂ ಸಾರ್ ನಿಜವನ್ನೇ ಹೇಳಿದರು, ಅದು ಸರಿಯೋ ತಪ್ಪೋ, ಅದಕ್ಕೆ ಎದೆಗಾರಿಕೆ ಬೇಕು — ಪೊನ್ನಾಡೆ ಬಂತು, ಸಭೆಗಳಲ್ಲಿ ಹೊದಿಸುವ ಜರಿಯಂಚಿನ ಶಾಲು, ಏಪ್ರಿಲ್ ಬಿಸಿಲಿನಲ್ಲಿ ಹೆಗಲ ಮೇಲೆ ಬಿದ್ದು ಚುಚ್ಚತೊಡಗಿತು, ಚಪ್ಪಾಳೆ, ಆರು ಜನ ಅವನನ್ನು ನಂಬಿ ಆರು ಬೀಜ ಹಾಕಿದ್ದಾರೆ, ನಾಳೆ ಅವರ ಮನೆಯ ಬಾಗಿಲಿಗೆ ಯಾರಾದರೂ ಬಂದರೆ, ಒಳಗೆ ಇನ್ನೊಬ್ಬಳು ಇದ್ದರೆ. ನೆಲ ಬಾಯಿಬಿಡಬಾರದೇ. ಹೇಳಿಬಿಡು, ಈಗಲೇ, ಶಾಲು ತೆಗೆದು ಮೇಜಿನ ಮೇಲಿಟ್ಟು ಹೇಳಿಬಿಡು, ಇದೊಂದೇ ಹೊತ್ತು, ಇನ್ನೊಂದು ಸಿಗುವುದಿಲ್ಲ. ಅಷ್ಟರಲ್ಲಿ ಮೂರನೇ ಸಾಲಿನ ಕುರ್ಚಿ ನೆಲಕ್ಕೆ ಉಜ್ಜಿದ ಸದ್ದು, ಮಲ್ಲಿಗಾ ಎದ್ದು ನಿಂತಿದ್ದಾಳೆ. ಬಂತು. ಬರಲಿ. ಅವಳೇ ಹೇಳಲಿ, ಅವಳ ಹಕ್ಕು ಅದು, ಅವನಿಗೆ ಒಂದು ಬಗೆಯ ನೆಮ್ಮದಿಯೇ ಆಯಿತು.

ಟೀಚರ್, ನೀವೆಲ್ಲಾ ಸಾರ್ ಬಗ್ಗೆ ತಪ್ಪಾಗಿ ಹೇಳ್ತಿದ್ದೀರಾ, ಎಂದಳು, ಮೊದಲು ತಮಿಳಿನಲ್ಲಿ, ಆಮೇಲೆ ಅವನ ಕಡೆ ತಿರುಗಿ ಮನೆಮಾತಿನಲ್ಲಿ, ಎರಡೂ ಕಲಸಿಕೊಂಡು. ನಾನು ಬಾಗ್ಲ ಹಿಂದೇನೇ ಇದ್ದೆ, ಕಿವಿ ಇಟ್ಕೊಂಡು ಕೇಳ್ತಿದ್ದೆ. ಚಿತ್ತಪ್ಪ ಮಾತಾಡಿದ್ದು ಪೂರಾ ಕೇಳ್ತು. ಸಾರ್ ಒಂದ್ ಮಾತೂ ಆಡ್ಲಿಲ್ಲ. ಇಲ್ಲೇಂತ್ಲೂ ಹೇಳ್ಲಿಲ್ಲ, ಅವ್ಳೇಂತ್ಲೂ ಹೇಳ್ಲಿಲ್ಲ. ಸುಮ್ನಿರ್ತೀನೀಂತ ನಂಗ್ ಮಾತ್ ಕೊಟ್ಟಿದ್ರು, ಹಂಗೇ ಇದ್ರು. ಇವ್ರು ನನ್ನ ಹಿಡ್ಕೊಟ್ರೂಂತ ನೀವೆಲ್ಲಾ ಅಂದ್ಕಂಡು, ಅದ್ನೂ ಬಾಯ್ ಮುಚ್ಕಂಡು ತಡ್ಕಂಡವ್ರೆ. ಈ ಎಂಟ್ ತಿಂಗ್ಳು ಆ ಮನೇಲಿ ನಾನು ಒಂದೇ ನೆನೆಸ್ಕಂತಿದ್ದೆ ಸಾರ್ — ನಂಬೋಕೆ ಒಬ್ರು ಇದ್ರೂಂತ. ಅದ್ನ ಹೇಳೋಕ್ ಬಂದೆ. ಅವಳು ಕೈ ಮುಗಿದಳು. ಯಾರೋ ಅತ್ತರು, ಪಂಕಜಂ ಟೀಚರೇ ಇರಬೇಕು, ಚಪ್ಪಾಳೆ ಮತ್ತೆ ಎದ್ದಿತು, ಮೊದಲಿಗಿಂತ ಜೋರಾಗಿ, ಸತ್ಯ ಹೇಳಿದ್ದಕ್ಕೆ ತಟ್ಟಿದ ಕೈಗಳೇ ಹೇಳದೆ ಇದ್ದದ್ದಕ್ಕೂ ತಟ್ಟಿದವು. ಭೂಪತಿ ಬೈಗುಳಕ್ಕೆ ಸಿದ್ಧನಾಗಿದ್ದ, ಇದಕ್ಕಲ್ಲ, ಈ ಮುಗಿದ ಕೈಗೆ ಏನು ಮಾಡುವುದು, ಅವಳ ಹತ್ತಿರ ಉಳಿದಿರುವುದು ಅದೊಂದೇ, ಅದನ್ನೂ ಕಿತ್ತುಕೊಳ್ಳಬೇಕೆ, ಕಿತ್ತುಕೊಳ್ಳದಿದ್ದರೆ ಅವಳು ಸಾಯುವವರೆಗೂ ಒಂದು ಸುಳ್ಳನ್ನು ನೆನೆಸಿಕೊಂಡು ಬದುಕಬೇಕೆ. ಸುಮ್ಮನಿರು ಎಂದಿತು ಮನಸ್ಸು, ಅವಳ ಒಳ್ಳೆಯದಕ್ಕೇ ಸುಮ್ಮನಿರು — ನೋಡು, ಮತ್ತೆ ಅದೇ, ಮತ್ತೆ ಬಾಯಿ ಮುಚ್ಚಿಕೊಂಡೇ ಕೆಲಸ ಮುಗಿಸುವ ಹುನ್ನಾರ. ಇರ್ಫಾನ್ ಚಪ್ಪಾಳೆ ತಟ್ಟುತ್ತಿಲ್ಲ. ಅವನ ಹುಬ್ಬು ಗಂಟಿಕ್ಕಿದೆ, ಒಳ್ಳೆಯ ಹುಡುಗ, ಒಂದು ಪ್ಯಾರಾದಲ್ಲಿ ತಾಳೆಯಾಗದ ಸಾಲು ಸಿಕ್ಕಿದರೆ ಹೀಗೇ ಕೂರುತ್ತಾನೆ. ಕೈ ಎತ್ತಿದ. ಆದರೆ ಮಲ್ಲಿಗಾ, ಸಾರ್ ಮನೆ ಹಿಂದೆ ಮೂರು ಕೋಣೆ ಇವೆಯಲ್ಲ, ಅವರು ಬೇರೆ ಎರಡನ್ನೂ ಹುಡುಕಿದರಾ? ಇಲ್ಲ, ಎಂದಳು ಮಲ್ಲಿಗಾ, ನೇರಾಗಿ ನನ್ ಬಾಗ್ಲಿಗೇ ಬಂದ್ರು. ಹೇಳುತ್ತ ಹೇಳುತ್ತಲೇ ಅವಳ ಮುಖದಲ್ಲಿ ಏನೋ ನಿಂತುಹೋಯಿತು, ಮುಗಿದ ಕೈ ಇನ್ನೂ ಮುಗಿದೇ ಇತ್ತು, ಅದರ ಮೇಲಿಂದ ಅವಳು ಅವನನ್ನು ನೋಡಿದಳು, ಎಲ್ಲರೂ ನೋಡಿದರು, ಚಪ್ಪಾಳೆ ಒಂದೊಂದಾಗಿ ಉದುರಿ ನಿಂತಿತು, ಮಗೂ, ಎಂದ ಭೂಪತಿ, ಅಷ್ಟು ಹೊರಬಂತು, ಮಗೂ, ನಾನು ಬಾಯಿ ಬಿಡಲಿಲ್ಲ, ಅದು ನಿಜ, ಬಾಯಿ — ಯಾವ್ ರೂಮ್ಮು ಮಾವಾ, ನೀವು ಬಾಯ್ ತೆರೀಬ್ಯಾಡಿ, ಎಂದ ಕುಪ್ಪಸಾಮಿ, ಕಿವಿಯ ಹತ್ತಿರ ಬಗ್ಗಿ, ಒಳಗೆ ಕೇಳದ ಪಿಸುದನಿಯಲ್ಲಿ, ಆಡಿ ಗಾಳಿ, ಗೇಟಿನಲ್ಲಿ ಬೇವಿನ ಕಡ್ಡಿ, ಮಡಿಲಲ್ಲಿ ಮುಚ್ಚಿದ ಪುಸ್ತಕ, ಪುಸ್ತಕದೊಳಗೆ ಬೆರಳು, ಬೆರಳು ಮೆಲ್ಲಗೆ ಪುಟದಿಂದ ಹೊರಗೆ ಬರುತ್ತದೆ, ಪುಟ ಮುಚ್ಚಿಕೊಳ್ಳುತ್ತದೆ, ಬೆರಳು ಏಳುತ್ತದೆ, ಮೊದಲನೆಯ ಕೋಣೆಯನ್ನು ದಾಟುತ್ತದೆ, ಎರಡನೆಯದನ್ನು ದಾಟುತ್ತದೆ, ನಿಲ್ಲುತ್ತದೆ, ಬೆರಳು